ಬರಹ ತಿದ್ದುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ: ಏನು ಸಿಕ್ಕಿತು, ಏನು ಸಿಗಲಿಲ್ಲ

ಈ ಆ್ಯಪ್ ನಾನು ಕೊಂಡದ್ದು ಸಿಟ್ಟಿನಲ್ಲಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಸಿಟ್ಟಿನಲ್ಲಿ ಕೊಂಡವರ ವಿಮರ್ಶೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ನಾವು ಬರೆದದ್ದರಲ್ಲಿ ಕಾಗುಣಿತದ ತಪ್ಪು, ವ್ಯಾಕರಣದ ತಪ್ಪು ಹುಡುಕಿ ತೋರಿಸುವ ಆ್ಯಪ್ ಇದು. ಫೋನಿನ ಕೀಬೋರ್ಡ್ ಜೊತೆ ಸೇರಿಕೊಳ್ಳುತ್ತದೆ, ಕಂಪ್ಯೂಟರಿನಲ್ಲೂ ಕೆಲಸ ಮಾಡುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಇವೆ. ಹೆಸರು ಹೇಳುವುದಿಲ್ಲ. ನನ್ನ ದೂರುಗಳಲ್ಲಿ ಅರ್ಧ ಆ್ಯಪಿನ ಮೇಲೆ, ಇನ್ನರ್ಧ ಅದನ್ನು ನಾನು ಬಳಸಿದ ರೀತಿಯ ಮೇಲೆ. ಇದೇ ಬಗೆಯ ಇನ್ನೆರಡು ಆ್ಯಪ್‌ಗಳನ್ನೂ ಉಚಿತವಾಗಿ ನೋಡಿದ್ದೇನೆ, ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಆಗಿದ್ದು ಇಷ್ಟು. ಕಾಲೇಜಿನ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿ ಯಾರೋ ಕೇಳಿದರು, ಫೋನನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಹಾಳಾಗುತ್ತದಾ ಅಂತ. ನನಗೆ ಗೊತ್ತಿದ್ದಷ್ಟು ಬರೆದೆ. ಅವಸರದಲ್ಲಿ ‘ವಿದ್ಯುತ್’ ಅನ್ನುವಲ್ಲಿ ‘ವಿಧ್ಯುತ್’ ಅಂತ ಹೊಡೆದಿದ್ದೆ. ಎರಡು ನಿಮಿಷಕ್ಕೆ ಉತ್ತರ ಬಂತು: ‘ಮೊದಲು ವಿದ್ಯುತ್ ಅಂತ ಬರೆಯೋದು ಕಲಿ, ಆಮೇಲೆ ಬುದ್ದಿವಂತರ ಹಾಗೆ ಪಾಠ ಮಾಡು.’ ಕೆಳಗೆ ನಗುವ ಮುಖಗಳ ಸಾಲು. ಬ್ಯಾಟರಿಯ ಮಾತು ಅಲ್ಲಿಗೇ ಸತ್ತಿತು. ಅದೇ ಗುಂಪಿನಲ್ಲಿ ಫೋನ್ ರಿಪೇರಿ ಮಾಡುವ ಗೆಳೆಯನೊಬ್ಬ ಇದ್ದಾನೆ. ಅವನ ಹೆಸರಿನ ಮುಂದೆ ‘ಟೈಪ್ ಮಾಡುತ್ತಿದ್ದಾರೆ’ ಅಂತ ತುಂಬ ಹೊತ್ತು ಕಾಣಿಸಿತು, ಆಮೇಲೆ ಏನೂ ಬರಲಿಲ್ಲ. ನಾನಾಗ ಅದಕ್ಕೆ ಗಮನ ಕೊಡಲಿಲ್ಲ. ಮುಖ ಬಿಸಿಯಾಗಿತ್ತು. ಮಲಗುವ ಮುಂಚೆ ಈ ಆ್ಯಪ್ ಹಾಕಿಕೊಂಡೆ, ಒಂದು ವಾರದ ಉಚಿತ ಬಳಕೆಯನ್ನೂ ಕಾಯದೆ ನೇರ ವರ್ಷದ ಚಂದಾ ಕಟ್ಟಿದೆ.

ಈಗ ಆ್ಯಪ್ ಹೇಗಿದೆ ನೋಡೋಣ.

ಕಾಗುಣಿತದಲ್ಲಿ ಚೆನ್ನಾಗಿದೆ, ಅದರಲ್ಲೂ ನಾವೆಲ್ಲ ಪದೇ ಪದೇ ಎಡವುವ ಕಡೆ. ‘ಶುಭಾಷಯ’ ಅಂತ ಬರೆದರೆ ತಕ್ಷಣ ಕೆಂಪು ಗೆರೆ ಎಳೆದು ‘ಶುಭಾಶಯ’ ತೋರಿಸುತ್ತದೆ. ಅಧ್ಬುತ, ವಿಧ್ಯಾರ್ಥಿ, ಕೋಟ್ಯಾಧಿಪತಿ, ಜಾತ್ಯಾತೀತ ಎಲ್ಲ ಹಿಡಿಯುತ್ತದೆ. ಎರಡು ತಿಂಗಳಲ್ಲಿ ನನ್ನ ಬೆರಳೇ ‘ದ’ಗೂ ‘ಧ’ಗೂ ಮಧ್ಯೆ ಒಂದು ಕ್ಷಣ ನಿಲ್ಲುವುದನ್ನು ಕಲಿಯಿತು. ಇದು ನಿಜವಾದ ಲಾಭ. ಸರಿಯಾಗಿ ಬರೆಯಬೇಕು ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಓದುವವರಿಗೆ ಅದು ಮರ್ಯಾದೆ, ಎಡವದೆ ಓದಿಕೊಂಡು ಹೋಗಬಹುದು.

ಆದರೆ ಒಂದು ವಾರ ಕೆಂಪು ಗೆರೆಗಳನ್ನೇ ನೋಡಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ನನ್ನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾಗದಲ್ಲಿವೆ: ಅಲ್ಪಪ್ರಾಣ, ಮಹಾಪ್ರಾಣ ಮತ್ತು ಶ-ಷ-ಸ. ಕನ್ನಡದ್ದೇ ಆದ ಪದಗಳಲ್ಲಿ ಮಹಾಪ್ರಾಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀರು, ಮರ, ಕಲ್ಲು, ಬೆಟ್ಟ, ಹೋಗು, ಬಾ, ಇವನ್ನು ಯಾರೂ ಮಹಾಪ್ರಾಣ ಹಾಕಿ ಕೆಡಿಸುವುದಿಲ್ಲ. ಎಡವುವುದೆಲ್ಲ ಸಂಸ್ಕೃತದಿಂದ ಬಂದ ಪದಗಳಲ್ಲಿ. ಮಾತಾಡುವಾಗ ನಮ್ಮಲ್ಲಿ ಬಹಳ ಜನ ‘ಧ’ವನ್ನು ‘ದ’ ಅಂತಲೇ ಹೇಳುತ್ತೇವೆ, ‘ಷ’ವನ್ನು ‘ಶ’ ಅಂತಲೇ. ಅಂದಮೇಲೆ ಕಿವಿಯಿಂದ ಇವನ್ನು ಕಲಿಯಲು ಆಗುವುದಿಲ್ಲ. ಅಚ್ಚಾದ ಪದವನ್ನು ಕಣ್ಣಿನಿಂದ ನೂರು ಸಲ ನೋಡಿ ನೆನಪಿಟ್ಟುಕೊಳ್ಳಬೇಕು. ಹಾಗೆ ನೋಡುವ ಅವಕಾಶ ಯಾರಿಗೆ ಸಿಕ್ಕಿತು, ಮನೆಯಲ್ಲಿ ಪುಸ್ತಕ ಇತ್ತಾ, ಎಷ್ಟು ವರ್ಷ ಶಾಲೆಗೆ ಹೋದರು, ಯಾವ ಮಾಧ್ಯಮದಲ್ಲಿ ಓದಿದರು, ಇದೆಲ್ಲ ಅದರೊಳಗಿದೆ. ತಪ್ಪು ಬರೆದವರು ದಡ್ಡರು ಅಂತ ಅದರಿಂದ ಹೇಗೆ ಗೊತ್ತಾಗುತ್ತದೆ? ಆ ಪದವನ್ನು ಅಚ್ಚಿನಲ್ಲಿ ಕಡಿಮೆ ಸಲ ನೋಡಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ ಅಲ್ವಾ? ಡಿಸ್ಲೆಕ್ಸಿಯಾ ಇರುವವರಿಗಂತೂ ಎಷ್ಟು ಸಲ ನೋಡಿದರೂ ಅಕ್ಷರ ಸುಲಭಕ್ಕೆ ಒಗ್ಗುವುದಿಲ್ಲ, ಅವರ ಬುದ್ಧಿಗೆ ಅದರಿಂದ ಏನೂ ಕಡಿಮೆ ಇಲ್ಲ.

ಅಕಾರ ಹಕಾರದ ವಿಷಯ ಇನ್ನೂ ನೋವಿನದು. ಕೆಲವರು ಮಾತಿನಲ್ಲಿ ‘ಹ’ ಬಿಡುತ್ತಾರೆ, ಹಾಗೇ ಬರೆಯುತ್ತಾರೆ. ಜಗಳ ಬಂದರೆ ಎಲ್ಲರೂ ಮೊದಲು ಕಲ್ಲೆಸೆಯುವುದು ಅಲ್ಲಿಗೇ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹಕ್ಕಿ ‘ಪಕ್ಕಿ’ ಆಗಿತ್ತು. ನಡುಗನ್ನಡದ ಹೊತ್ತಿಗೆ ಪದದ ಮೊದಲಿನ ‘ಪ’ ಹೋಗಿ ‘ಹ’ ಬಂತು. ಇವತ್ತು ನಾವ್ಯಾರೂ ‘ಪಕ್ಕಿ’ ಅನ್ನುವುದಿಲ್ಲ, ನಮ್ಮನ್ನು ಯಾರೂ ಅನಕ್ಷರಸ್ಥರು ಅಂತ ಬೈಯುವುದಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಹ’ ಬಿಟ್ಟವರನ್ನು ಮಾತ್ರ ಯಾಕೆ ಬೈಯಬೇಕು? ಬರಹದಲ್ಲಿ ‘ಹಕ್ಕಿ’ ಅಂತಲೇ ಇರಲಿ, ಅದು ಬೇರೆ ಮಾತು, ಇಲ್ಲದಿದ್ದರೆ ಅಕ್ಕಿಗೂ ಹಕ್ಕಿಗೂ ಗೊಂದಲ. ಬರಹದ ನಿಯಮ ಮುರಿದವನ ಬುದ್ಧಿಯನ್ನೇ ಅಳೆಯಲು ಹೊರಡುತ್ತಾರಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ಅಂದಹಾಗೆ ಆ್ಯಪ್ ಸೋಲುವುದೂ ಇಲ್ಲೇ. ‘ಹಾಡು’ ಬರೆಯುವ ಕಡೆ ‘ಆಡು’ ಬರೆದರೆ ಅದು ಸುಮ್ಮನಿರುತ್ತದೆ, ಎರಡೂ ಪದಕೋಶದಲ್ಲಿವೆ. ‘ಮಧ್ಯ’ದ ಜಾಗದಲ್ಲಿ ‘ಮದ್ಯ’ ಹೊಡೆದರೂ ಅಷ್ಟೇ. ಇಂಗ್ಲಿಷ್‌ನಲ್ಲಿ ಅಕ್ಕಪಕ್ಕದ ಪದ ನೋಡಿ ಇಂಥದ್ದನ್ನು ಪರವಾಗಿಲ್ಲ ಅನ್ನುವಷ್ಟು ಹಿಡಿಯುತ್ತದೆ, ಕನ್ನಡದಲ್ಲಿ ಇಲ್ಲ.

ಇನ್ನೊಂದು ದೊಡ್ಡ ಕೊರತೆ, ಸರಿಯಾದ ಪದಗಳಿಗೂ ಕೆಂಪು ಗೆರೆ. ಕನ್ನಡದಲ್ಲಿ ಒಂದು ಪದಕ್ಕೆ ಪ್ರತ್ಯಯಗಳು ಸಾಲಾಗಿ ಅಂಟಿಕೊಳ್ಳುತ್ತವೆ. ಮನೆ, ಮನೆಯವರು, ಮನೆಯವರಿಗೂ, ಮನೆಯಲ್ಲಿದ್ದವರಿಗಂತೂ ಅಂತ ಬೆಳೆಸುತ್ತಲೇ ಹೋಗಬಹುದು. ಇವನ್ನೆಲ್ಲ ಯಾವ ಪಟ್ಟಿಯಲ್ಲೂ ಬರೆದಿಡಲು ಆಗುವುದಿಲ್ಲ, ಪದ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ಆ್ಯಪಿಗೆ ಗೊತ್ತಿರಬೇಕು. ಇದಕ್ಕೆ ಅರ್ಧ ಗೊತ್ತಿದೆ. ಇನ್ನು ‘ಮಾಡ್ತೀನಿ’, ‘ಹೋಗೋಣ್ವಾ’, ‘ಇರ್ಲಿ ಬಿಡು’ ಅಂತ ಮಾತಿನ ಹಾಗೆ ಬರೆದರೆ ಇಡೀ ಸಾಲು ಕೆಂಪು. ಗೆಳೆಯರಿಗೆ ಬರೆಯುವಾಗ ಯಾರು ‘ಹೋಗೋಣವೇ’ ಅನ್ನುತ್ತಾರೆ? ಅದಕ್ಕೆ ‘ನನ್ನ ಪದಗಳು’ ಅಂತ ಒಂದು ಪಟ್ಟಿ ಕೊಟ್ಟಿದ್ದಾರೆ, ನಾವೇ ಸೇರಿಸಿಕೊಳ್ಳಬೇಕು. ನನಗೆ ಈ ಆ್ಯಪಿನಲ್ಲಿ ತುಂಬ ಇಷ್ಟವಾದದ್ದು ಈ ಪಟ್ಟಿಯೇ.

ಇಂಗ್ಲಿಷ್ ಭಾಗ ಬಲವಾಗಿದೆ. ಒಂದೇ ಉಚ್ಚಾರದ ಪದಗಳನ್ನು, ಅಂದರೆ ‘ನಿನ್ನ’ ಅನ್ನುವ ಯುವರ್ ಮತ್ತು ‘ನೀನು ಇದ್ದೀಯ’ ಅನ್ನುವ ಯು ಆರ್ ಕೂಡಿಸಿದ ರೂಪ, ಮೂರು ಬಗೆಯ ‘ದೇರ್’, ಇವನ್ನೆಲ್ಲ ತಪ್ಪದೆ ಹಿಡಿಯುತ್ತದೆ. ಇಂಟರ್ನೆಟ್ ಜಗಳಗಳಲ್ಲಿ ಜನ ಒಬ್ಬರನ್ನೊಬ್ಬರು ಹಣಿಯುವುದು ಜಾಸ್ತಿ ಇದೇ ಪದಗಳಿಂದ. ನಿಯಮ ಚೆನ್ನಾಗಿ ಗೊತ್ತಿದ್ದವರೂ ಅವಸರದಲ್ಲಿ ಇಲ್ಲಿ ತಪ್ಪುತ್ತಾರೆ, ಯಾಕಂದರೆ ಬೆರಳು ಅಕ್ಷರಕ್ಕಿಂತ ಸದ್ದಿನ ಹಿಂದೆ ಓಡುತ್ತದೆ. ಆದರೆ ವಾಕ್ಯದ ಕೊನೆಗೆ ಪ್ರಿಪೊಸಿಷನ್, ಅಂದರೆ ಇನ್, ಟು, ವಿತ್ ಥರದ ಪದ, ಬಂದರೆ ನೀಲಿ ಗೆರೆ ಎಳೆಯುತ್ತದೆ. ಇದು ಹಳೆಯ ರಗಳೆ. 1672ರಲ್ಲಿ ಡ್ರೈಡನ್ ಅನ್ನುವ ಕವಿ ಇದರ ಬಗ್ಗೆ ಆಕ್ಷೇಪ ಎತ್ತಿದ. ಅವತ್ತಿನಿಂದ ಮೇಷ್ಟ್ರುಗಳು ಹೇಳಿಕೊಂಡು ಬಂದರು, ಇಂಗ್ಲಿಷ್ ಮಾತಾಡುವ ಜನ ಮಾತ್ರ ತಮ್ಮ ಪಾಡಿಗೆ ಹಾಗೇ ಬರೆಯುತ್ತ ಬಂದರು. ಈ ನೀಲಿ ಗೆರೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಬಿಡಿ.

ಇನ್ನು ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ಆ್ಯಪ್ ಹಾಕಿಕೊಂಡ ಮರುದಿನ ಬೆಳಗ್ಗೆ, ನನ್ನನ್ನು ಬೈದವನ ಸಂದೇಶವನ್ನೇ ಕಾಪಿ ಮಾಡಿ ಅದರೊಳಗೆ ಹಾಕಿದೆ. ‘ಬುದ್ದಿವಂತ’ದ ಕೆಳಗೆ ಕೆಂಪು ಗೆರೆ. ‘ಬುದ್ಧಿವಂತ’ ಆಗಬೇಕಿತ್ತು. ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿದೆ. ಅವನು ನನ್ನ ಹಳೆಯ ಸಂದೇಶಗಳನ್ನು ಹುಡುಕಿ ತಂದ. ನಾನು ಅವನದ್ದನ್ನು ತಂದೆ. ಅವನು ‘ನೀನು ಎಷ್ಟು ಓದಿದ್ದೀಯ ಅಂತ ಗೊತ್ತು ಬಿಡು’ ಅಂದ, ನಾನು ನನ್ನ ಅಂಕಗಳನ್ನು ಬರೆದೆ. ಎರಡು ದಿನ ಹೀಗೇ ನಡೆಯಿತು. ಬೇರೆಯವರ ಬರಹವನ್ನು ಒಳಗೆ ಹಾಕಿ ತಪ್ಪು ಎಣಿಸುವುದು ಈ ಆ್ಯಪಿನಲ್ಲಿ ಅತಿ ಸುಲಭದ ಕೆಲಸ, ಎರಡು ಸಲ ಒತ್ತಿದರೆ ಸಾಕು. ನನಗೆ ಅದರಿಂದ ಬಂದಷ್ಟು ಕೆಟ್ಟದ್ದು ಆ್ಯಪಿನ ಇನ್ಯಾವ ಸೌಲಭ್ಯದಿಂದಲೂ ಬರಲಿಲ್ಲ.

ತಪ್ಪು ತೋರಿಸುವವನ ಮಾತಿನಲ್ಲೇ ತಪ್ಪು ಇರುವುದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ ಒಂದು ಹೆಸರೇ ಇದೆ. ಜಾನ್ ಬ್ಯಾಂಗ್ಸಂಡ್ ಅನ್ನುವ ಆಸ್ಟ್ರೇಲಿಯಾದ ಸಂಪಾದಕರು 1992ರಲ್ಲಿ ಅದನ್ನು ‘ಮಫ್ರಿ ನಿಯಮ’ ಅಂತ ಕರೆದರು, ‘ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ’ ಅನ್ನುವ ಮರ್ಫಿ ನಿಯಮದ ‘ಮರ್ಫಿ’ ಹೆಸರನ್ನೇ ಬೇಕಂತ ತಪ್ಪಾಗಿ ಬರೆದು. ಇನ್ನೊಬ್ಬರ ಬರಹ ತಿದ್ದಲು ಹೊರಟು ನೀವು ಏನೇ ಬರೆದರೂ ಅದರಲ್ಲೇ ಒಂದು ತಪ್ಪು ನುಸುಳಿರುತ್ತದೆ ಅನ್ನುವುದು ಅದರ ಸಾರ. ಅವನಿಗೆ ‘ಬುದ್ದಿ’ಯಲ್ಲಿ ಆಯಿತು. ಅವನನ್ನು ತಿದ್ದಿದ ನನ್ನ ಸಂದೇಶದಲ್ಲೂ ಒಂದು ಒತ್ತು ತಪ್ಪಿತ್ತು, ಅದನ್ನು ಮೂರನೆಯವರು ತೋರಿಸಿದರು.

ಈ ಹೊತ್ತಿಗೆ ನಾನು ಯಾಕೆ ಹೀಗೆ ಆಡುತ್ತಿದ್ದೇನೆ ಅಂತ ನನಗೇ ಬೇಸರವಾಗಿ ಸ್ವಲ್ಪ ಓದಿದೆ. 2016ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜೂಲಿ ಬೋಲಂಡ್ ಮತ್ತು ರಾಬಿನ್ ಕ್ವೀನ್ 83 ಜನರಿಗೆ ಕೆಲವು ಇಮೇಲ್ ಓದಲು ಕೊಟ್ಟರು. ಮನೆ ಹಂಚಿಕೊಳ್ಳಲು ಜನ ಬೇಕು ಅನ್ನುವ ಜಾಹೀರಾತಿಗೆ ಬಂದ ಉತ್ತರಗಳು ಅವು, ಕೆಲವದರಲ್ಲಿ ಟೈಪಿಂಗ್ ತಪ್ಪು, ಕೆಲವದರಲ್ಲಿ ವ್ಯಾಕರಣದ ತಪ್ಪು, ಕೆಲವು ಸರಿಯಾಗಿದ್ದವು. ಬರೆದವರ ಬಗ್ಗೆ ಏನನ್ನಿಸಿತು ಅಂತ ಕೇಳಿದರು, ಆಮೇಲೆ ಓದಿದವರ ಸ್ವಭಾವವನ್ನೂ ಅಳೆದರು. ಇನ್ನೊಬ್ಬರ ಜೊತೆ ಹೊಂದಿಕೊಂಡು ಹೋಗುವ ಗುಣ ಕಡಿಮೆ ಇದ್ದವರೇ ವ್ಯಾಕರಣದ ತಪ್ಪಿಗೆ ಜಾಸ್ತಿ ಸಿಡಿದವರು. ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಅವನಲ್ಲ, ನಾನು ಹಾಕಿದ ಆ ಸ್ಕ್ರೀನ್‌ಶಾಟ್.

ಆ್ಯಪಿನ ವಾರದ ವರದಿಯ ಬಗ್ಗೆ ಹೇಳಲೇಬೇಕು. ಪ್ರತಿ ಸೋಮವಾರ ಒಂದು ಅಂಕ ಬರುತ್ತದೆ, ನೂರಕ್ಕೆ ಇಷ್ಟು ಅಂತ. ಉಳಿದ ಬಳಕೆದಾರರಲ್ಲಿ ಇಷ್ಟು ಜನರಿಗಿಂತ ನಿಮ್ಮ ಪದಸಂಪತ್ತು ಮೇಲು ಅಂತಲೂ ಬರುತ್ತದೆ. ನನಗೆ ಇದು ಬೇಡ. ಯಾರ ಜೊತೆ ಹೋಲಿಸಿದರು, ಹೇಗೆ ಹೋಲಿಸಿದರು ಅಂತ ಎಲ್ಲೂ ಇಲ್ಲ. ಹಂಚಿಕೊಳ್ಳಿ ಅನ್ನುವ ಬಟನ್ ಮಾತ್ರ ದೊಡ್ಡದಾಗಿದೆ. ನಮ್ಮ ಜಗಳದ ಎರಡನೆಯ ದಿನ ನಾನು ನನ್ನ ವರದಿ ಹಾಕಿದೆ, ಎದುರಿನವನು ಯಾವುದೋ ಆನ್‌ಲೈನ್ ಪರೀಕ್ಷೆಯಲ್ಲಿ ತನಗೆ ಐಕ್ಯೂ, ಅಂದರೆ ಬುದ್ಧಿ ಅಳೆಯುವ ಅಂಕ, 142 ಬಂದಿದೆ ಅಂತ ಚಿತ್ರ ಹಾಕಿದ. ಆ ಪರೀಕ್ಷೆ ನಾನೂ ತೆಗೆದುಕೊಂಡು ನೋಡಿದೆ. ಇಪ್ಪತ್ತು ಪ್ರಶ್ನೆ, ಆಮೇಲೆ ಫಲಿತಾಂಶ ನೋಡಬೇಕಾದರೆ ಹಣ ಕಟ್ಟಬೇಕು. ಹೊಗಳಿಕೆ ಮಾರುವ ಅಂಗಡಿ ಅಂತ ಅಲ್ಲಿಗೇ ಗೊತ್ತಾಯಿತು.

ಸರಿಯಾದ ಐಕ್ಯೂ ಪರೀಕ್ಷೆ ಅಂದರೆ, ಉದಾಹರಣೆಗೆ ವೆಕ್ಸ್‌ಲರ್ ಪರೀಕ್ಷೆ, ತರಬೇತಿ ಪಡೆದವರು ಎದುರು ಕೂತು ಒಬ್ಬೊಬ್ಬರಿಗೇ ಮಾಡುವಂಥದ್ದು. ಸರಾಸರಿ 100 ಬರುವ ಹಾಗೆ ಅದನ್ನು ಹೊಂದಿಸಿರುತ್ತಾರೆ. ಮೂರರಲ್ಲಿ ಎರಡು ಪಾಲು ಜನ 85ರಿಂದ 115ರ ಒಳಗೇ ಇರುತ್ತಾರೆ, 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಇದೆಲ್ಲ ಶುರುವಾದದ್ದು ಯಾಕೆ ಅಂತ ತಿಳಿದಾಗ ನನಗೆ ನಿಜಕ್ಕೂ ಬೇಸರವಾಯಿತು. 1905ರಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಮೊದಲ ಪರೀಕ್ಷೆ ಮಾಡಿದ್ದು, ತರಗತಿಯಲ್ಲಿ ಹಿಂದೆ ಬಿದ್ದ ಯಾವ ಮಕ್ಕಳಿಗೆ ಹೆಚ್ಚು ಸಹಾಯ ಬೇಕು ಅಂತ ಗುರುತಿಸಲು. ಬುದ್ಧಿ ಅನ್ನುವುದು ಹುಟ್ಟಿನಿಂದಲೇ ಅಳತೆಯಾಗಿ ಬಂದದ್ದು, ಅದು ಬೆಳೆಯುವುದಿಲ್ಲ ಅನ್ನುವ ಮಾತನ್ನು ಬಿನೆ ಒಪ್ಪುತ್ತಲೇ ಇರಲಿಲ್ಲ. ಕೈಹಿಡಿದು ಎತ್ತಲು ಮಾಡಿದ್ದನ್ನು ನಾವು ಒಬ್ಬರ ಮುಖಕ್ಕೆ ಹೊಡೆಯಲು ಬಳಸುತ್ತಿದ್ದೇವೆ.

ಕಡಿಮೆ ಗೊತ್ತಿದ್ದವರೇ ತಮಗೆ ಜಾಸ್ತಿ ಗೊತ್ತು ಅಂದುಕೊಳ್ಳುತ್ತಾರೆ ಅಂದ ಮನಶ್ಶಾಸ್ತ್ರಜ್ಞರು ಡನಿಂಗ್ ಮತ್ತು ಕ್ರೂಗರ್, ಅವರ ಹೆಸರೂ ನಮ್ಮ ಜಗಳದಲ್ಲಿ ಬಂತು, ಬರದೇ ಇರುತ್ತದಾ. ಅವರ 1999ರ ಅಧ್ಯಯನದಲ್ಲಿ ಪರೀಕ್ಷಿಸಿದ್ದು ತರ್ಕ, ಹಾಸ್ಯ ಮತ್ತು ವ್ಯಾಕರಣ. ಕೆಳಗಿನ ಕಾಲು ಭಾಗದಲ್ಲಿದ್ದವರು ನಿಜವಾಗಿ ಮೀರಿಸಿದ್ದು ನೂರಕ್ಕೆ 12 ಜನರನ್ನು, ಆದರೆ 62 ಜನರನ್ನು ಮೀರಿಸಿದ್ದೇವೆ ಅಂದುಕೊಂಡಿದ್ದರು. ಇದನ್ನು ಎದುರಿನವರಿಗೆ ಹೇಳುವವರೇ ಎಲ್ಲರೂ. ತನ್ನ ಬಗ್ಗೆ ಹೇಳಿಕೊಂಡವರನ್ನು ನಾನಂತೂ ನೋಡಿಲ್ಲ.

ಅದೇ ಕ್ರೂಗರ್ 2005ರಲ್ಲಿ ನಿಕೋಲಸ್ ಎಪ್ಲಿ ಮೊದಲಾದವರ ಜೊತೆ ಮಾಡಿದ ಇನ್ನೊಂದು ಕೆಲಸ ನನಗೆ ಹೆಚ್ಚು ಉಪಯೋಗವಾಯಿತು. ಇಮೇಲಿನಲ್ಲಿ ಬರೆದದ್ದು ವ್ಯಂಗ್ಯವೋ ನಿಜವೋ ಅಂತ ಓದುವವರಿಗೆ ತಿಳಿಯುತ್ತದಾ ಅಂತ ನೋಡಿದರು. ನೂರಕ್ಕೆ 78 ಸಲ ತಿಳಿಯುತ್ತದೆ ಅಂತ ಬರೆದವರ ನಂಬಿಕೆ, ನಿಜವಾಗಿ ತಿಳಿದದ್ದು 56 ಸಲ. ನಾಣ್ಯ ಚಿಮ್ಮಿದರೆ ಬರುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈ ಆ್ಯಪಿನಲ್ಲಿ ಒಂದು ‘ಧಾಟಿ’ ಸೂಚಕ ಇದೆ, ಕಳುಹಿಸುವ ಮುಂಚೆ ‘ಇದು ಗಡುಸಾಗಿ ಕೇಳಿಸಬಹುದು’ ಅಂತ ಎಚ್ಚರಿಸುತ್ತದೆ. ಕನ್ನಡದಲ್ಲಿ ಇನ್ನೂ ಬಂದಿಲ್ಲ, ಇಂಗ್ಲಿಷ್‌ನಲ್ಲಿ ಮಾತ್ರ. ಇಡೀ ಆ್ಯಪಿನಲ್ಲಿ ಹಣ ಕೊಡಲು ಯೋಗ್ಯವಾದದ್ದು ಇದು ಒಂದೇ. ಕಚೇರಿಯ ಇಮೇಲುಗಳಲ್ಲಿ ಮೂರ್ನಾಲ್ಕು ಸಲ ನನ್ನನ್ನು ಉಳಿಸಿದೆ.

ಒಂದು ಎಚ್ಚರಿಕೆ. ನೀವು ಟೈಪ್ ಮಾಡುವುದೆಲ್ಲ ಕಂಪನಿಯ ಸರ್ವರಿಗೆ ಹೋಗಿ ತಿದ್ದಿ ಬರುತ್ತದೆ. ನಾನು ಗೆಳೆಯರ ಸಂದೇಶಗಳನ್ನು ಅವರನ್ನು ಕೇಳದೆ ಅದರೊಳಗೆ ಹಾಕಿದ್ದೆ, ಅದು ತಪ್ಪು. ಅದನ್ನು ಗುಂಪಿನಲ್ಲಿ ಹೇಳಿ ಕ್ಷಮೆ ಕೇಳಿದ್ದೇನೆ.

ಫೋನ್ ರಿಪೇರಿಯ ಗೆಳೆಯನ ಮಾತು ಬಾಕಿ ಇದೆ. ಸುಮಾರು ಒಂದು ತಿಂಗಳಾದ ಮೇಲೆ ಬೇರೆ ಯಾವುದಕ್ಕೋ ಫೋನ್ ಮಾಡಿದಾಗ ಕೇಳಿದೆ, ಅವತ್ತು ಏನೋ ಬರೆಯುತ್ತಿದ್ದೆಯಲ್ಲ, ಯಾಕೆ ಕಳಿಸಲಿಲ್ಲ ಅಂತ. ‘ಬರ್ದಿದ್ದೆ ಕಣೋ, ಅಷ್ಟುದ್ದ. ನೀವೆಲ್ಲ ಅಕ್ಷರ ಎಣಿಸ್ತಾ ಕೂತಿದ್ರಿ. ನಂದು ಹಾಕಿದ್ರೆ ನಂದೂ ಎಣಿಸ್ತೀರ ಅಂತ ಅಳಿಸ್ದೆ’ ಅಂದ. ಅವನು ಹತ್ತನೆಯ ತರಗತಿಯವರೆಗೂ ಓದಿದ್ದು ಬೇರೆ ಭಾಷೆಯಲ್ಲಿ, ಕನ್ನಡ ಬರೆಯುವುದನ್ನು ದೊಡ್ಡವನಾದ ಮೇಲೆ ತಾನಾಗಿಯೇ ಕಲಿತವನು. ಫೋನಿನಲ್ಲೇ ಹತ್ತು ನಿಮಿಷ ನನಗೆ ಬ್ಯಾಟರಿ ವಿಷಯ ಬಿಡಿಸಿ ಹೇಳಿದ. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅನ್ನುವುದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು, ಈಗಿನ ಲಿಥಿಯಂ ಅಯಾನ್‌ಗೆ ಅದು ಬೇಕಿಲ್ಲ. ತುಂಬಿದ ಮೇಲೆ ಫೋನೇ ಚಾರ್ಜ್ ನಿಲ್ಲಿಸುತ್ತದೆ, ಆದರೆ ದಿನಾ ರಾತ್ರಿಯಿಡೀ 100ರಲ್ಲೇ, ಅದೂ ದಿಂಬಿನ ಕೆಳಗೆ ಬಿಸಿಯಾಗಿ ಇದ್ದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಬೇಕು. ಅವತ್ತು ನಾನು ಗುಂಪಿನಲ್ಲಿ ಬರೆದಿದ್ದು ಅರ್ಧ ತಪ್ಪಾಗಿತ್ತು. ಕಾಗುಣಿತದಲ್ಲಲ್ಲ, ವಿಷಯದಲ್ಲಿ. ಅದನ್ನು ಅಷ್ಟು ಜನರಲ್ಲಿ ಒಬ್ಬರೂ ಹೇಳಲಿಲ್ಲ, ಹೇಳಬಲ್ಲವನನ್ನು ನಾವಿಬ್ಬರು ಸೇರಿ ಬಾಯಿ ಮುಚ್ಚಿಸಿದ್ದೆವು.

ಹಾಗಾಗಿ ಐದಕ್ಕೆ ಎರಡೂವರೆ ಕೊಡುತ್ತೇನೆ. ಇಂಗ್ಲಿಷ್‌ನಲ್ಲಿ ಕೆಲಸದ ಪತ್ರ ಬರೆಯುವವರು ಆರು ತಿಂಗಳಿಗೆ ತೆಗೆದುಕೊಳ್ಳಬಹುದು. ಬರೀ ಕನ್ನಡಕ್ಕೆ ಅಂತಾದರೆ ಉಚಿತ ಆವೃತ್ತಿಯೇ ಸಾಕು, ಕೆಂಪು ಗೆರೆ ಅದರಲ್ಲೂ ಇದೆ. ಯಾರಿಗೋ ಉತ್ತರ ಕೊಡಬೇಕು ಅಂತ ರಾತ್ರಿ ಹೊತ್ತು ಕೊಳ್ಳುತ್ತಿದ್ದರೆ ಬೆಳಗಿನವರೆಗೂ ಕಾಯಿರಿ.

ಚಂದಾ ತಾನಾಗಿಯೇ ಮುಂದುವರಿಯುತ್ತದೆ, ಅದನ್ನು ನಿಲ್ಲಿಸುವ ಬಟನ್ ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಪುಟ ಒಳಗಿದೆ. ಖಾತೆ, ಯೋಜನೆ, ಬಿಲ್ಲಿಂಗ್, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. ನಿಲ್ಲಿಸಿದರೆ ‘ನನ್ನ ಪದಗಳು’ ಪಟ್ಟಿ ಅಳಿಸಿಹೋಗುತ್ತದೆ, ಎಚ್ಚರಿಕೆಯೂ ಕೊಡುವುದಿಲ್ಲ. ಮೊದಲು ಅದನ್ನು ಕಾಪಿ ಮಾಡಿಟ್ಟುಕೊಳ್ಳಿ. ನನ್ನದರಲ್ಲಿ ನಾನೂರು ಚಿಲ್ಲರೆ ಪದ ಇದ್ದವು, ಆ್ಯಪ್ ತಪ್ಪು ಅಂದದ್ದು, ನಾನು ಇರಲಿ ಅಂತ ಸೇರಿಸಿದ್ದು. ಕೊನೆಯ ಹತ್ತಿಪ್ಪತ್ತು ಆ ಗೆಳೆಯನ ಸಂದೇಶಗಳಿಂದ ಬಂದವು. ಈಗ ಅವನು ಗುಂಪಿನಲ್ಲಿ ಬರೆಯುತ್ತಾನೆ.